ರೋಮನ್ ನೆಲದ ಮೊಸಾಯಿಕ್‌ಗಳಲ್ಲಿ ಹಣ್ಣಿನ ಮರಗಳನ್ನು ಓದುವ ಬಗೆ

ಕಲ್ಲಿನ ಪುಟ್ಟ ಚೂರುಗಳನ್ನು ಜೋಡಿಸಿ ಚಿತ್ರ ಬಿಡಿಸಿದ ರೋಮನ್ನರ ಮೊಸಾಯಿಕ್ ನೆಲದಲ್ಲಿ ಹಣ್ಣಿನ ಮರವೊಂದು ಕಂಡೊಡನೆ ಅದು ಯಾವ ದೇವತೆಯ ಸಂಕೇತವೆಂದು ಕೇಳಲು ಮನಸ್ಸು ಹಾತೊರೆಯುತ್ತದೆ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಒಳಿತು. ದ್ರಾಕ್ಷಿ ಮದ್ಯದ ದೇವರು ಬಾಕಸ್‌ನದು, ಆಲಿವ್ ವಿವೇಕದ ದೇವತೆ ಮಿನರ್ವಾಳದು, ದಾಳಿಂಬೆ ಪಾತಾಳದ ರಾಣಿ ಪ್ರೊಸರ್ಪಿನಾಳದು ಎಂಬ ಪಟ್ಟಿ ಸುಳ್ಳಲ್ಲ. ಆದರೆ ಅದೇ ಮರ ಇನ್ನೊಂದು ಮನೆಯ ನೆಲದಲ್ಲಿ ಬೇರೆಯೇ ಮಾತನ್ನು ಹೇಳುತ್ತಿರಬಹುದು.

ಮೊದಲು ಮರವನ್ನು ಗುರುತಿಸಿ. ದಾಳಿಂಬೆಗೆ ತೊಟ್ಟಿನ ಎದುರು ತುದಿಯಲ್ಲಿ ಪುಟ್ಟ ಕಿರೀಟವಿರುತ್ತದೆ. ಅಂಜೂರದ ಎಲೆ ಬೆರಳು ಬಿಡಿಸಿದ ಅಂಗೈಯಂತಿರುತ್ತದೆ. ಆಲಿವ್ ಎಲೆ ಕಿರಿದು, ನೀಳ. ಸೇಬನ್ನೂ ಅದರ ಹತ್ತಿರದ ನಂಟನಾದ ಕ್ವಿನ್ಸ್ ಹಣ್ಣನ್ನೂ ಕಲ್ಲಿನ ಚೂರುಗಳಲ್ಲಿ ಬೇರ್ಪಡಿಸುವುದು ಕಷ್ಟ. ಅಂಥಲ್ಲಿ ‘ಉರುಟು ಹಣ್ಣಿನ ಮರ’ ಎಂದಷ್ಟೇ ಬರೆದುಕೊಳ್ಳುವುದು ಪ್ರಾಮಾಣಿಕತೆ. ರೋಮ್‌ನ ಹಳೆಯ ಬಂದರು ಪಟ್ಟಣ ಓಸ್ಟಿಯಾದಂತಹ ಕಡೆಯ ಕಪ್ಪು-ಬಿಳುಪು ನೆಲಗಳಲ್ಲಿ ಬಣ್ಣದ ನೆರವೂ ಇಲ್ಲದಿರುವುದರಿಂದ ಆಕಾರವನ್ನೇ ನಂಬಬೇಕು. ಚೂರುಗಳ ಗಾತ್ರ ಅಥವಾ ಸಾಲು ಥಟ್ಟನೆ ಬದಲಾದ ಭಾಗ ನಂತರದ ದುರಸ್ತಿಯಾಗಿರಬಹುದು. ಅದರ ಮೇಲೆ ಅರ್ಥವನ್ನು ಕಟ್ಟಬೇಡಿ.

ಬಳಿಕ ಅದು ಕೋಣೆಯ ಯಾವ ಭಾಗದಲ್ಲಿದೆ, ಯಾರತ್ತ ಮುಖ ಮಾಡಿದೆ ಎಂಬುದನ್ನು ನೋಡಿ. ಊಟದ ಕೋಣೆಯಲ್ಲಿ ಮೂರು ಗೋಡೆಗಳ ಬದಿಗೆ ಮಂಚಗಳಿರುತ್ತಿದ್ದುದರಿಂದ ಅವುಗಳಡಿಯ ನೆಲ ಸರಳವಾಗಿರುತ್ತಿತ್ತು, ಚಿತ್ರ ನಡುವೆ ಬರುತ್ತಿತ್ತು. ವಸ್ತುಸಂಗ್ರಹಾಲಯಗಳು ಇಂತಹ ನೆಲಗಳನ್ನು ಗೋಡೆಗೆ ಏರಿಸಿ ನಮ್ಮನ್ನು ದಾರಿ ತಪ್ಪಿಸುತ್ತವೆ. ಮಂಚದಲ್ಲಿ ಒರಗಿದ ಅತಿಥಿಯ ಕಣ್ಣಿನಿಂದ ಅದನ್ನು ಮನಸ್ಸಿನಲ್ಲೇ ಮತ್ತೆ ನೆಲಕ್ಕಿಳಿಸಬೇಕು.

ಮೂರನೆಯದು ಋತು, ನನ್ನ ಮಟ್ಟಿಗೆ ಹೆಚ್ಚಿನ ಗಂಟುಗಳು ಬಿಡಿಸಿಕೊಳ್ಳುವುದು ಇಲ್ಲಿಯೇ. ಉತ್ತರ ಆಫ್ರಿಕಾದ ಪ್ರಾಚೀನ ನಗರ ಕಾರ್ತೇಜಿನಲ್ಲಿ ದೊರೆತು ಈಗ ಟ್ಯೂನಿಸ್‌ನ ಬಾರ್ದೋ ವಸ್ತುಸಂಗ್ರಹಾಲಯದಲ್ಲಿರುವ ‘ಒಡೆಯ ಜೂಲಿಯಸ್’ ಮೊಸಾಯಿಕ್‌ನಲ್ಲಿ ಆಲಿವ್ ಮರವಿದೆ, ಮಿನರ್ವಾ ಇಲ್ಲ. ಆಲಿವ್ ಕೊಯ್ಲು ಚಳಿಗಾಲದ ಕೆಲಸವಾದ್ದರಿಂದ ಮೇಲಿನ ಮೂಲೆಯ ಆ ಮರ ಚಳಿಗಾಲವನ್ನು ಹೇಳುತ್ತದೆ, ಕೆಳಗಿನ ದ್ರಾಕ್ಷಿ ಶರತ್ಕಾಲವನ್ನು; ನಾಲ್ಕು ಋತುಗಳ ಫಲವೂ ಒಡೆಯ-ಒಡತಿಯರತ್ತ ಕಾಣಿಕೆಯಾಗಿ ಬರುವ ಈ ಚಿತ್ರದಲ್ಲಿ ಮರವೆಂದರೆ ಆಸ್ತಿ, ವರ್ಷವಿಡೀ ಹುಟ್ಟುವ ಆದಾಯ. ಫ್ರಾನ್ಸಿನ ಸೇಂ-ರೊಮೇನ್-ಆಂ-ಗಾಲ್‌ನಲ್ಲಿ ಸಿಕ್ಕ ಮೂರನೇ ಶತಮಾನದ ಕೃಷಿ ಪಂಚಾಂಗದ ನೆಲದಲ್ಲೂ ಕಸಿ ಕಟ್ಟುವುದು, ಸೇಬು ಬಿಡಿಸುವುದು, ಆಲಿವ್ ಕೊಯ್ಯುವುದು ಎಲ್ಲವೂ ಕಾಲಮಾನದ ಗುರುತುಗಳೇ.

ಸಂಕೇತಗಳ ಪಟ್ಟಿಯನ್ನು ತೆರೆಯುವುದು ಇದಾದ ನಂತರವೇ, ಅದೂ ಕಾಲವನ್ನು ಗಮನಿಸಿ. ಇಂಗ್ಲೆಂಡಿನ ಹಿಂಟನ್ ಸೇಂಟ್ ಮೇರಿಯಲ್ಲಿ 1963ರಲ್ಲಿ ಪತ್ತೆಯಾದ ನಾಲ್ಕನೇ ಶತಮಾನದ ನೆಲದಲ್ಲಿ, ಕ್ರಿಸ್ತನದೆಂದು ಹಲವು ವಿದ್ವಾಂಸರು ಗುರುತಿಸುವ ಮುಖದ ಎರಡೂ ಬದಿಗೆ ದಾಳಿಂಬೆಗಳಿವೆ. ಪಾತಾಳದಿಂದ ವರ್ಷಕ್ಕೊಮ್ಮೆ ಮರಳುವ ಪ್ರೊಸರ್ಪಿನಾಳ ಹಣ್ಣು ಇಲ್ಲಿ ನಿತ್ಯಜೀವನದ ಭರವಸೆಯಾಗಿರಬಹುದು. ಆದರೆ ಅದೇ ನೆಲದ ಇನ್ನೊಂದು ಫಲಕದಲ್ಲಿ ಗ್ರೀಕ್ ಪುರಾಣದ ವೀರ ಬೆಲೆರೋಫಾನ್ ಕೈಮೆರಾ ಎಂಬ ದೈತ್ಯಮೃಗವನ್ನು ಇರಿಯುತ್ತಿರುವುದರಿಂದ ಹಳೆಯ ಪುರಾಣ ಆ ಮನೆಯವರಿಗೆ ಪೂರ್ತಿ ದೂರವಾಗಿರಲಿಲ್ಲ. ಇಂಥಲ್ಲಿ ಟಿಪ್ಪಣಿಯಲ್ಲಿ ಎರಡೂ ಅರ್ಥಗಳನ್ನು ಬರೆದು, ಒಂದನ್ನು ಹೊಡೆದುಹಾಕದೆ ಬಿಡಿ.