ಬರೆ ಕುಸಿಯುವ ಕನಸು ಮತ್ತು 25 ರೂಪಾಯಿ ಪುಸ್ತಕ

ಕನಸು ಬರೆದಿಡುವುದು ನಿಮಗೆಲ್ಲ ಗೊತ್ತೇ ಇದೆ. ದಿಂಬಿನ ಪಕ್ಕ ಪುಸ್ತಕ, ಎಚ್ಚರವಾದಾಗ ಮಗ್ಗುಲು ಬದಲಿಸದೆ ನೆನಪು ಮಾಡಿಕೊಳ್ಳುವುದು, ಅದನ್ನೆಲ್ಲ ಮತ್ತೆ ಹೇಳಲ್ಲ. ಬರೆದದ್ದನ್ನು ಏನು ಮಾಡಬೇಕು ಅನ್ನುವಲ್ಲಿ ನಾನು ಎರಡು ವರ್ಷ ಒದ್ದಾಡಿದೆ. "ಕಾಫಿ ಬಿಟ್ಟು ಕನಸು ಬೆಳೀತಿದ್ದಾನೆ" ಅಂತ ನಾಪೋಕ್ಲು ಪೇಟೆಯಲ್ಲಿ ನಕ್ಕವರಿದ್ದಾರೆ. ಈಗ ಅವರಲ್ಲೇ ಇಬ್ಬರು ಗುಟ್ಟಾಗಿ ಬಂದು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಒಂದೇ ಕನಸು. ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಗೋಡೆ, ಕುಸಿಯುತ್ತದೆ. ನಾನು ಓಡುವುದಿಲ್ಲ. ಕಣದಲ್ಲಿ ಹಾಕಿದ ಕಾಫಿಗೆ ಟಾರ್ಪಲ್ ಹೊದಿಸುತ್ತಾ ನಿಂತಿರುತ್ತೇನೆ. 2018ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದದ್ದನ್ನು ನೋಡಿದ ಕೊಡಗಿನವರಿಗೆ ಇಂಥ ಕನಸು ಬೀಳದಿದ್ದರೇ ಆಶ್ಚರ್ಯ ಅಲ್ವಾ? ಮಳೆ ಭಯ ಅಂತ ನಾನೂ ಸುಮ್ಮನಾಗಿದ್ದೆ.

ದುಡ್ಡು ಕಳೆದ ಕಥೆ ಮೊದಲು. ಬಸ್ ಸ್ಟ್ಯಾಂಡಿನಲ್ಲಿ 60 ರೂಪಾಯಿಗೆ ಕನಸಿನ ಫಲದ ಪುಸ್ತಕ ತಂದೆ. ಮಣ್ಣು ಕುಸಿದರೆ ಧನಲಾಭ ಅಂತಿತ್ತು. ಆ ವರ್ಷವೇ ನನ್ನ ಮೆಣಸಿನ ಬಳ್ಳಿಗೆ ಸೊರಗು ರೋಗ ಬಂತು. ಆಮೇಲೆ ಮೈಸೂರಿನಲ್ಲಿ ಕನಸಿನ ಅರ್ಥ ಹೇಳುವ ಎರಡು ದಿನದ ಶಿಬಿರ. ಫೀಸು 7,500, ರೂಮು, ಬಸ್ಸು ಎಲ್ಲ ಸೇರಿ 10,000 ದಾಟಿತು. ಅಲ್ಲಿ ಎಲ್ಲರ ಕನಸಿನ ನೀರೂ 'ಭಾವನೆ', ಎಲ್ಲರ ಮನೆಯೂ 'ನೀವೇ'. ನನ್ನ ಬರೆ 'ತಾಯಿ' ಅಂದರು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟರು. ಬರೆಯುವ ಬದಲು ಹೇಳಿಬಿಡೋಣ ಅಂತ 2,200 ಕೊಟ್ಟು ರೆಕಾರ್ಡರ್ ತಂದೆ. ಬೆಳಿಗ್ಗೆ ಕೇಳಿದರೆ ಬರೀ ಗೊಣಗಾಟ. "ರೀ, ದೆವ್ವ ಹೊಕ್ಕ ಹಾಗೆ ಮಾತಾಡ್ತೀರಿ, ಜಗಲಿಯಲ್ಲಿ ಮಲಗಿ" ಅಂದಳು ಹೆಂಡತಿ. ಅವ್ವನ ಪ್ರಕಾರ ಕಾರಣ ಬೇರೆ. "ಕಾರೋಣ ಕೇಳ್ತಿದ್ದಾರೆ, ಮೀದಿ ಇಡು." ಕಾರೋಣ ಅಂದರೆ ಕುಲದ ಹಿರಿಯರು, ಮೀದಿ ಅಂದರೆ ಅವರಿಗಿಡುವ ಎಡೆ. ಇಟ್ಟೆ. ಅದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿಲ್ಲ.

ದಾರಿ ಸಿಕ್ಕಿದ್ದು ಒಂದು ಜನವರಿಯಲ್ಲಿ. ರೊಬಸ್ಟಾ ಕುಯ್ಲು ನಡೆಯುತ್ತಿತ್ತು, ಆಕಾಶದಲ್ಲಿ ಒಂದು ಮೋಡವಿಲ್ಲ. ಆದರೂ ವಾರಕ್ಕೆ ಎರಡು ಸಲ ಬರೆ ಕುಸಿಯಿತು. ಬಿಸಿಲುಕಾಲದಲ್ಲಿ ಎಂಥ ಮಳೆ ಭಯ?

25 ರೂಪಾಯಿಯ ಹೊಸ ಪುಸ್ತಕ ತಂದೆ. ಕನಸಿನ ಪಕ್ಕದ ಅಂಚಿನಲ್ಲಿ ಹಿಂದಿನ ದಿನ ನಡೆದದ್ದು ಒಂದೇ ಸಾಲು. ಅರ್ಥ ಬರೆಯುವ ಹಾಗಿಲ್ಲ. ಮೂರು ವಾರ ಕಳೆಯುವವರೆಗೆ ಹಿಂದಿನ ಪುಟ ತಿರುಗಿಸುವ ಹಾಗೂ ಇಲ್ಲ. ಇದು ಮುಖ್ಯ. ಅದೇ ಬೆಳಿಗ್ಗೆ ಓದಿದರೆ ನಮಗೆ ಬೇಕಾದ ಅರ್ಥವನ್ನೇ ಹಚ್ಚುತ್ತೇವೆ. ಹಳೆ ಪುಸ್ತಕದಲ್ಲಿ ನಾನು ನಾಲ್ಕು ತಿಂಗಳು ಹಾಗೆ ಮಾಡಿದ್ದೆ. ಎಲ್ಲ ಕನಸಿನಲ್ಲೂ ನಾನೇ ಪಾಪದವನು, ಉಳಿದವರೆಲ್ಲ ಕೆಟ್ಟವರು!

ಮೂರು ವಾರದ್ದನ್ನು ಒಟ್ಟಿಗೆ ಓದಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾ ಹೋದೆ. ಸುಮಾರು ಒಂದು ವರ್ಷದಲ್ಲಿ ಬರೆ ಕನಸು 26 ಇರಬೇಕು. ಅದರಲ್ಲಿ 18–19ರ ಅಂಚಿನಲ್ಲಿ ಇದ್ದದ್ದು ಒಂದೇ ವಿಷಯ: ಯಾರೋ ಕೇಳಿದರು, ನಾನು "ಆಯ್ತು" ಅಂದೆ. ಭಾವನ ಸಾಲಕ್ಕೆ ಜಾಮೀನು. ಬಟವಾಡೆ ದಿನ ಆಳುಗಳು ಕೇಳಿದಷ್ಟು ಅಡ್ವಾನ್ಸ್. ಯಾರದೋ ಮದುವೆಗೆ ನನ್ನ ಜೀಪು, ಡೀಸೆಲ್ ಸಮೇತ. ಇನ್ನೊಂದು ವಿಷಯ ಮೂರ್ನಾಲ್ಕು ಕಡೆ ನಾನೇ ಬರೆದು ನಾನೇ ಗಮನಿಸಿರಲಿಲ್ಲ. ಕಣದ ಪಕ್ಕದ ಚೀಲಗಳ ಮೇಲೆ ಇದ್ದದ್ದು ಭಾವನ ಹೆಸರು. ತಲೆ ಮೇಲೆ ಗುಡ್ಡ ಬೀಳುತ್ತಿರುವಾಗ ನಾನು ಒದ್ದೆಯಾಗದ ಹಾಗೆ ಮುಚ್ಚುತ್ತಿದ್ದದ್ದು ಬೇರೆಯವರ ಕಾಫಿ.

ಗೆರೆ ಹಾಕುವಾಗ ಕನಸಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬನ್ನಿ, ಕಾಫಿ ಕೊಟ್ಟು ಹೇಳುತ್ತೇನೆ.

ಆಮೇಲೆ ಯಾರು ಏನು ಕೇಳಿದರೂ "ನಾಳೆ ಹೇಳುತ್ತೇನೆ" ಅನ್ನುವುದನ್ನು ಕಲಿತೆ. ನಲವತ್ತೆಂಟನೇ ವಯಸ್ಸಿನಲ್ಲಿ! ಎರಡನೇ ಜಾಮೀನಿಗೆ ಆಗಲ್ಲ ಅಂದೆ. ಆ ವರ್ಷ ನಮ್ಮ ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್‌ಗೆ ಭಾವ ಬರಲಿಲ್ಲ. ಸುಗ್ಗಿ ಹಬ್ಬ ಪುತ್ತರಿಗೆ ಬಂದರು, ಕದಿರು ತೆಗೆಯುವಾಗ ಪಕ್ಕದಲ್ಲೇ ನಿಂತರು. ಕಳೆದ ಎಂಟು ತಿಂಗಳಲ್ಲಿ ಬರೆ ಕುಸಿದದ್ದು ಎರಡೇ ಸಲ. ಎರಡು ಸಲವೂ ಹಿಂದಿನ ದಿನ ಬಾಯಿ ಜಾರಿ "ಆಯ್ತು" ಅಂದಿದ್ದೆ.

ನಡುವೆ ಕೆಲವು ತರಲೆ ಪ್ರಯೋಗವೂ ನಡೆಯಿತು. ನಮ್ಮ ಮಳೆಗಾಲದ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪಿನ ಪಾಯಸ ಜಾಸ್ತಿ ತಿಂದು ಮಲಗಿದೆ. ಮೂತ್ರದ ಬಣ್ಣ ಬದಲಾಯಿತು, ಕನಸು ಬದಲಾಗಲಿಲ್ಲ. ಸಂಜೆ ನಾಲ್ಕರ ಮೇಲೆ ಕಾಫಿ ಬಿಟ್ಟದ್ದು ಮಾತ್ರ ಉಪಯೋಗಕ್ಕೆ ಬಂತು. ಬೆಳಗಿನ ಜಾವ ತೋಟಕ್ಕೆ ಆನೆ ಬಂದು ಯಾರಾದರೂ ಪಟಾಕಿ ಹೊಡೆದರೆ ಉದ್ದುದ್ದ ಕನಸು ಸಿಗುತ್ತಿತ್ತು. ಬೆಳಗಾಗುತ್ತಾ ಕನಸಿನ ನಿದ್ದೆಯ ಅವಧಿ ಉದ್ದವಾಗುತ್ತದಲ್ಲ, ಅದಕ್ಕೆ. ಸರಿ, ಆನೆ ಬದಲು ನಾಲ್ಕಕ್ಕೆ ಅಲಾರಂ ಇಡೋಣ ಅಂದುಕೊಂಡೆ. ಅದನ್ನು ನಿಲ್ಲಿಸಲು ತಡಕಾಡುವುದರೊಳಗೆ ಕನಸು ಓಡಿಹೋಗುತ್ತಿತ್ತು, ಹೆಂಡತಿಯ ತಾಳ್ಮೆಯೂ.

ಒಂದು ಮಾತು. ನಮ್ಮ ಮನೆ ಹಿಂದಿನ ಬರೆ ನಿಜವಾಗಿ ಕುಸಿದಿಲ್ಲ. 2018ರಲ್ಲಿ ಮಕ್ಕಂದೂರು ಕಡೆ ಮನೆಯನ್ನೇ ಕಳೆದುಕೊಂಡವರ ಕನಸಿಗೆ ಈ ಪೆನ್ಸಿಲ್ ಲೆಕ್ಕ ಹಾಕಲು ಹೋಗಬೇಡಿ. ಅಂಥ ಕನಸು ನಿದ್ದೆ ಕೆಡಿಸುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ.

ನನಗೆ ಈಗ ಹಲ್ಲು ಉದುರುವ ಕನಸು ಶುರುವಾಗಿದೆ. ಯಾರೋ ನೆಂಟರು ಹೋಗುತ್ತಾರೆ ಅಂತ ಅವ್ವ ಹೆದರಿದ್ದಾರೆ. ಇಲ್ಲಿಯವರೆಗೆ ಆರು ಸಲ ಬಿದ್ದಿದೆ. ಪುಸ್ತಕ ತೆರೆಯಲು ಇನ್ನೂ ಒಂಬತ್ತು ದಿನ ಇದೆ.