ಪಕ್ಕದ ಮನೆಯಿಂದ ಹೊಡೆತದ ಸದ್ದು ಕೇಳಿದರೆ ಏನು ಮಾಡಬೇಕು?

ಸಿಂಧನೂರಿನ ನಮ್ಮ ಓಣಿಯಲ್ಲಿ ನಳದ ನೀರು ಬಂದ ದಿನ ಹೆಂಗಸರೆಲ್ಲ ಸೇರುತ್ತೇವೆ. ಒಮ್ಮೆ ಪಕ್ಕದ ಮನೆಯಾಕೆ ಕಿವಿ ಮುಚ್ಚುವಂತೆ ಸೆರಗು ಹೊದ್ದು ಬಂದಳು. ಕೊಡ ಎತ್ತುವಾಗ ಸೆರಗು ಜಾರಿತು. ಕೊರಳಲ್ಲಿ ನಾಲ್ಕು ಬೆರಳಿನ ಗುರುತು. “ಬಚ್ಚಲದಾಗ ಜಾರಿ ಬಿದ್ದೆ ಅಕ್ಕಾ” ಎಂದಳು. ಹಿಂದಿನ ರಾತ್ರಿ ಅವಳ ಕೂಗು ಎಲ್ಲರಿಗೂ ಕೇಳಿಸಿತ್ತು. ಯಾರೂ ಬಾಗಿಲು ತೆಗೆದಿರಲಿಲ್ಲ, ನಾನೂ ತೆಗೆದಿರಲಿಲ್ಲ. ಆಮೇಲೆ ಅವರಿವರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೂಗು ಕೇಳಿದ ಕೂಡಲೇ 112ಕ್ಕೆ ಫೋನ್ ಮಾಡಿ. ಒಬ್ಬರೇ ಒಳಗೆ ನುಗ್ಗಬೇಡಿ. ನಾಲ್ಕು ಮಂದಿ ಸೇರಿ ಬಾಗಿಲು ಬಡಿಯಿರಿ, ಹಾಲಿಗೆ ಹೆಪ್ಪು ಬೇಕಿತ್ತು ಅಂತ ಕೇಳಿದರೂ ಸರಿ. ಎತ್ತಿದ ಕೈ ಆ ಹೊತ್ತಿಗೆ ಕೆಳಗಿಳಿದರೂ ಸಾಕು.

ಅವರ ಮನೆ ವಿಷಯ ನಮಗ್ಯಾಕೆ ಅನ್ನುತ್ತೇವೆ ಅಲ್ವಾ? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ, ವಿಷಯ ಗೊತ್ತಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ಇಂಥ ಹೆಂಗಸರಿಗೆ ನೆರವಾಗಲು ಸರ್ಕಾರ ನೇಮಿಸಿದ ಅಧಿಕಾರಿಗೆ, ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಹಾಕಲು ಬರುವುದಿಲ್ಲ. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಈ ಕೆಲಸ ವಹಿಸಿದ್ದಾರೆ. ಅವರ ಕಚೇರಿ ಎಲ್ಲಿದೆ ಅಂತ ಅಂಗನವಾಡಿ ಟೀಚರ್ ಹೇಳುತ್ತಾರೆ.

ಮರುದಿನ, ಆಕೆ ಒಬ್ಬಳೇ ಇರುವಾಗ ಮಾತಾಡಿಸಿ. ಹೊಂದಿಕೊಂಡು ಹೋಗು ಅಂತ ದಯವಿಟ್ಟು ಹೇಳಬೇಡಿ. “ಇದರಾಗ ನಿಂದೇನೂ ತಪ್ಪಿಲ್ಲವ್ವಾ” ಅನ್ನಿ, ಸುಮ್ನೆ ಕೇಳಿಸಿಕೊಳ್ಳಿ. ಗಂಡನ ಹತ್ತಿರ ಹೋಗಿ ಜಗಳ ತೆಗೆಯಬೇಡಿ. ಆ ಸಿಟ್ಟೆಲ್ಲ ರಾತ್ರಿ ಅವಳ ಮೈಮೇಲೇ ಬೀಳುತ್ತದೆ.

ಕುತ್ತಿಗೆ ಹಿಸುಕಿದ್ದಾನೆ ಅಂದರೆ ಮಾತ್ರ ತಡ ಮಾಡಬೇಡಿ. ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ಮುಂದೆ ಜೀವಕ್ಕೇ ಅಪಾಯ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸೂಚನೆ ಬೇಡ. ಆಸ್ಪತ್ರೆಗೆ ಕರೆದೊಯ್ಯಿರಿ. ಬಿದ್ದೆ ಅನ್ನದೆ, ಹೊಡೆದರು ಅಂತಲೇ ಚೀಟಿಯಲ್ಲಿ ಬರೆಸಿ. ಮುಂದೆ ಕೋರ್ಟಿನಲ್ಲಿ ಆ ಚೀಟಿಯೇ ಸಾಕ್ಷಿ.

ಹೊಡೆತವೊಂದೇ ಹಿಂಸೆ ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಕಿತ್ತುಕೊಳ್ಳುವುದು, ಮನೆ ಖರ್ಚಿಗೆ ಕೊಡದೆ ಸತಾಯಿಸುವುದು, ದಿನಾ ಬೈದು ಹೀಯಾಳಿಸುವುದು, ಇವೂ ಕಾಯ್ದೆಯಲ್ಲಿ ಬರುತ್ತವೆ. ಹೆಂಡತಿಗಷ್ಟೇ ಅಲ್ಲ, ತಾಯಿಗೆ, ಅಕ್ಕತಂಗಿಗೆ, ಗಂಡ ಸತ್ತ ಸೊಸೆಗೂ ರಕ್ಷಣೆ ಇದೆ.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪತ್ರ, ಒಂದು ಜೊತೆ ಬಟ್ಟೆ, ಇಷ್ಟನ್ನು ಆಕೆ ಗಂಟು ಕಟ್ಟಿ ನಂಬಿದವರ ಮನೆಯಲ್ಲಿಡಲಿ, ದಿಢೀರನೆ ಮನೆ ಬಿಡಬೇಕಾದರೆ ಬೇಕಾಗುತ್ತದೆ. ಆಧಾರ್ ಕೈಯಲ್ಲಿದ್ದರೆ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸಿಗೆ ದುಡ್ಡು ಬೇಕಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ, ಎಲ್ಲಿದ್ದರೂ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರ ಹತ್ತಿರದಲ್ಲಿ ಎಲ್ಲಿದೆ ಅಂತ ದಾರಿ ತೋರಿಸುತ್ತಾರೆ. ಅಲ್ಲಿ ಕೆಲವು ದಿನ ಉಳಿಯಬಹುದು. ವಕೀಲರೂ ಪುಕ್ಕಟೆ, ಅದಕ್ಕೆ 15100 ನಂಬರಿಗೆ ಫೋನ್ ಮಾಡಿ.

ಮನೆ ಗಂಡನ ಹೆಸರಲ್ಲಿದ್ದರೂ, ಅತ್ತೆಯ ಹೆಸರಲ್ಲಿದ್ದರೂ ಆಕೆಗೆ ಅಲ್ಲಿ ಇರುವ ಹಕ್ಕಿದೆ. ಹತ್ತಿರ ಬರಬೇಡ ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಟ್ಟ ಮೇಲೂ ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಇಷ್ಟೆಲ್ಲ ಆದ ಮೇಲೂ ಆಕೆ ಮತ್ತೆ ಆ ಮನೆಗೇ ಹೋಗಬಹುದು. ಮಕ್ಕಳಿರುತ್ತಾರೆ, ತವರಿನಲ್ಲಿ ಜಾಗ ಇರುವುದಿಲ್ಲ. ಸಿಟ್ಟಾಗಬೇಡಿ, ಮಾತು ಬಿಡಬೇಡಿ. ನಿಮ್ಮ ಮನೆಯ ಅಕ್ಕಿ ಡಬ್ಬಿಯ ಹಿಂದಿರುವ ಅವಳ ಗಂಟು ಹಾಗೇ ಇರಲಿ.