ಫೆಬ್ರವರಿಯ ಫಾರ್ಮು, ಅಕ್ಟೋಬರಿನ ಮಾರ್ಕು

ಫೆಬ್ರವರಿ ಬಂದರೆ ನಮ್ಮ ಮನೆಯಲ್ಲಿ ಒಂದು ಜಗಳ ಗ್ಯಾರಂಟಿ. ಮುಂದಿನ ವರ್ಷ ಯಾವ ಯಾವ ಕ್ಲಾಸು ತಗೋತೀಯ ಅಂತ ಹೈಸ್ಕೂಲಿನವರು ಫಾರ್ಮ್ ಕಳಿಸುವ ತಿಂಗಳು ಅದು. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ. ಇಲ್ಲಿ ಒಂದೇ ವಿಷಯಕ್ಕೆ ಎರಡು ಮೂರು ಮಟ್ಟ ಇರುತ್ತದೆ. ರೆಗ್ಯುಲರ್, ಅದರ ಮೇಲೆ ಆನರ್ಸ್, ಅದರ ಮೇಲೆ ಎಪಿ. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಪರೀಕ್ಷೆ ನಡೆಸಿ 1ರಿಂದ 5ರವರೆಗೆ ಅಂಕ ಕೊಡುತ್ತದೆ. ನಾನು ಓದಿದ್ದು ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ ಇದ್ದ ಕಡೆ. ಪಾಠ ಎಷ್ಟು ಕಷ್ಟ ಇರಬೇಕು ಅಂತ ಹದಿನಾಲ್ಕರ ಮಗು ತಾನೇ ಟಿಕ್ ಹಾಕುತ್ತದೆ ಅನ್ನುವುದು ನನಗೆ ಅರಗಲು ಬಹಳ ಕಾಲ ಹಿಡಿಯಿತು.

ಮಗಳ ವಿಷಯದಲ್ಲಿ ಎಡವಿದೆ. ಮಗನ ವಿಷಯದಲ್ಲಿ ಸ್ವಲ್ಪ ಕಲಿತೆ. ಎಡವಿದ್ದನ್ನೇ ಮೊದಲು ಹೇಳುತ್ತೇನೆ.

ಮಗಳು ಹನ್ನೊಂದನೇ ತರಗತಿಗೆ ಬಂದದ್ದು 2021ರಲ್ಲಿ. ಕೋವಿಡ್ ಕಾಲದಲ್ಲಿ ಪರದೆಯ ಮುಂದೆ ಕೂತು ಓದಿ ಆಗಷ್ಟೇ ಶಾಲೆಗೆ ಮರಳಿದ್ದಳು. ಫಾರ್ಮ್ ತುಂಬಿದ್ದು ಅವಳ ಕೈ, ತುಂಬಿಸಿದ್ದು ನಾನು. ಐದು ಎಪಿ. ಕ್ಯಾಲ್ಕುಲಸ್ ಬಿ.ಸಿ., ಕೆಮಿಸ್ಟ್ರಿ, ಯುಎಸ್ ಹಿಸ್ಟರಿ, ಇಂಗ್ಲಿಷ್ ಲ್ಯಾಂಗ್ವೇಜ್, ಕಂಪ್ಯೂಟರ್ ಸೈನ್ಸ್.

"ಅಮ್ಮ, ಐದು ಜಾಸ್ತಿ ಆಗುತ್ತೆ" ಅಂದಳು.

"ನಿನ್ನ ಫ್ರೆಂಡು ಆರು ತಗೊಂಡಿದ್ದಾಳೆ ಕಣೆ" ಅಂದೆ. ಹುರಿದುಂಬಿಸುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲೇ ರಾತ್ರಿ ಒಂದು ಗಂಟೆಗೂ ಅವಳ ಕೋಣೆಯ ಬಾಗಿಲ ಕೆಳಗೆ ಬೆಳಕು ಕಾಣುತ್ತಿತ್ತು. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಇಲ್ಲಿನ ನಿದ್ರಾವೈದ್ಯರ ಸಂಘ ಹೇಳುತ್ತದೆ. ಅವಳಿಗೆ ಐದು ಸಿಕ್ಕರೆ ಹೆಚ್ಚು. ಅಕ್ಟೋಬರಿನಲ್ಲಿ ಕೆಮಿಸ್ಟ್ರಿ ಟೆಸ್ಟು ಕೆಟ್ಟಿತು. ನಾನು ಬೈಯಲಿಲ್ಲ, ನಿಜ. ಆದರೆ ಅದರ ಬಗ್ಗೆ ಕೇಳಲೂ ಇಲ್ಲ. ಮುಂದಿನ ಟೆಸ್ಟಿನಲ್ಲಿ ಸರಿ ಮಾಡಿಕೋ ಅಂದು ಸುಮ್ಮನಾದೆ. ನವೆಂಬರ್ ಕೊನೆಯಲ್ಲಿ ಒಂದು ಬೆಳಗ್ಗೆ ಶಾಲೆಗೆ ಹೋಗಲ್ಲ ಅಂತ ಮಲಗಿಬಿಟ್ಟಳು. ಡ್ರಾಪ್ ಮಾಡುವ, ಅಂದರೆ ಕ್ಲಾಸು ಬಿಡುವ ಗಡುವು ಮುಗಿದಿತ್ತು. ಪಾಠ ಆರಿಸಲು ಸಲಹೆ ಕೊಡುವ ಶಾಲೆಯ ಕೌನ್ಸೆಲರ್ ಹೇಗೋ ದಾರಿ ಮಾಡಿಕೊಟ್ಟರು, ಕೆಮಿಸ್ಟ್ರಿ ಬಿಟ್ಟಳು.

ಟ್ರಾನ್ಸ್‌ಕ್ರಿಪ್ಟಿನಲ್ಲಿ ಅಂದರೆ ಅಂಕಪಟ್ಟಿಯಲ್ಲಿ ಒಂದು ಸಾಲು ಹೋದರೆ ಹೋಗಲಿ. ಹತ್ತನೇ ತರಗತಿಯಲ್ಲಿ ಅಡಿಗೆಮನೆಯ ಒಂದೊಂದೇ ಡಬ್ಬಿ ಹಿಡಿದು ಇದರಲ್ಲಿ ಏನಿದೆ ಗೊತ್ತಾ ಅಂತ ತಲೆ ತಿನ್ನುತ್ತಿದ್ದ ಹುಡುಗಿ ಅವಳು. "ಸೈನ್ಸ್ ನನ್ನ ಕೈಲಾಗಲ್ಲ ಅಮ್ಮ" ಅಂತ ತೀರ್ಮಾನ ಮಾಡಿಬಿಟ್ಟಳು. ಆಮೇಲೆ ಆ ಕಡೆ ತಿರುಗಿ ನೋಡಲೇ ಇಲ್ಲ.

ಇದರಲ್ಲಿ ಒಂದು ಮೂರ್ಖತನವೂ ಸೇರಿತ್ತು. ಗ್ರೇಡಿಗೆ ಸಿಗುವ ಪಾಯಿಂಟ್ ಎಪಿ ಒಂದಕ್ಕೆ ಒಂದು ಜಾಸ್ತಿ, ಐದಕ್ಕೆ ಐದು ಅಂತ ನಾನು ಲೆಕ್ಕ ಹಾಕಿದ್ದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿಯವರು ಅರ್ಹತೆಗೆ ನೋಡುವ ಜಿಪಿಎಯಲ್ಲಿ, ಅಂದರೆ ಗ್ರೇಡುಗಳ ಸರಾಸರಿಯಲ್ಲಿ, ಆ ಹೆಚ್ಚುವರಿ ಪಾಯಿಂಟಿಗೆ ಮಿತಿ ಇದೆ. ಒಟ್ಟು 8 ಸೆಮಿಸ್ಟರಿಗೆ ಮಾತ್ರ, ಅದರಲ್ಲೂ ಹತ್ತನೇ ತರಗತಿಯಿಂದ 4ಕ್ಕಿಂತ ಹೆಚ್ಚಿಲ್ಲ. ಒಂದು ಎಪಿಗೆ ಎರಡರಂತೆ ಐದು ಎಪಿ ಅಂದರೆ ಹತ್ತು ಸೆಮಿಸ್ಟರ್. ಒಂಬತ್ತನೇ ತರಗತಿಯ ಗ್ರೇಡುಗಳು ಆ ಜಿಪಿಎಗೆ ಸೇರುವುದೇ ಇಲ್ಲ. ಪಾಯಿಂಟಿನ ಆಸೆಗೆ ಒಂಬತ್ತರಲ್ಲೇ ಎಪಿ ತುಂಬಿಸುವವರನ್ನು ಈಗಲೂ ನೋಡುತ್ತೇನೆ. ಪ್ರವೇಶ ಕೊಡುವಾಗ ಯುಸಿಯವರು ಪಾಠಗಳ ಇಡೀ ಪಟ್ಟಿಯನ್ನು ನೋಡುತ್ತಾರೆ, ಅದು ಬೇರೆ ಮಾತು. ಆದರೆ ನನ್ನ ಕೂಡುವ ಲೆಕ್ಕ ತಪ್ಪಾಗಿತ್ತು. ಬೇರೆ ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆಪ್‌ನಲ್ಲಿ ಕೌನ್ಸೆಲರ್ ತುಂಬುವ ಭಾಗದಲ್ಲೂ ಈ ಮಗು ಆರಿಸಿಕೊಂಡ ಪಾಠಗಳು ನಿಮ್ಮ ಶಾಲೆಯ ಮಟ್ಟಕ್ಕೆ ಎಷ್ಟು ಕಠಿಣ ಅಂತ ಕೇಳುತ್ತಾರೆ. ಹೋಲಿಕೆ ತನ್ನ ಶಾಲೆಯಲ್ಲಿ ಸಿಗುವುದರ ಜೊತೆ. ಊರಿನ ಇನ್ನೊಂದು ಶಾಲೆಯ ಹುಡುಗಿಯ ಜೊತೆ ಅಲ್ಲ.

ಮಗ ಅಕ್ಕನಿಗಿಂತ ಮೂರು ವರ್ಷ ಚಿಕ್ಕವನು. ಅಕ್ಕನ ಬಾಗಿಲ ಕೆಳಗಿನ ಬೆಳಕನ್ನು ಅವನೂ ನೋಡಿದ್ದ. ಹಾಗಾಗಿ 2024ರ ಫೆಬ್ರವರಿಯಲ್ಲಿ ಫಾರ್ಮ್ ಬಂದಾಗ ಎಲ್ಲದಕ್ಕೂ ರೆಗ್ಯುಲರ್ ಅಂತ ಟಿಕ್ ಹಾಕಿ ತಂದ.

"ಸುಮ್ನೆ ಯಾಕಮ್ಮ ರಿಸ್ಕು? ರೆಗ್ಯುಲರ್‌ನಲ್ಲಿ ಎ ಬರುತ್ತೆ."

ಅವನು ಹೇಳಿದ್ದರಲ್ಲಿ ಸೋಮಾರಿತನ ಇರಲಿಲ್ಲ. ಲೆಕ್ಕ ಇತ್ತು. ಕಷ್ಟದ ಕ್ಲಾಸಿನಲ್ಲಿ ಕೆಟ್ಟ ಮಾರ್ಕು ಬಂದರೆ ಮನೆಯಲ್ಲಿ ಏನಾಗುತ್ತದೆ ಅನ್ನುವುದನ್ನು ನೋಡಿ ಹಾಕಿದ ಲೆಕ್ಕ. ಕೌನ್ಸೆಲರ್ ಏನಾದರೂ ಹೇಳಿದರಾ ಅಂತ ಕೇಳಿದೆ. ಹೂಂ, ಓಕೆ ಅಂದರು ಅಂದ. ಅವರನ್ನು ದೂರಿ ಏನು ಮಾಡುವುದು. ಒಬ್ಬರಿಗೆ 250 ಮಕ್ಕಳು ಸಾಕು ಅಂತ ಅವರ ಸಂಘವೇ ಹೇಳುತ್ತದೆ, ಇಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಎ ಗ್ರೇಡಿನ, ಗಲಾಟೆ ಮಾಡದ ಹುಡುಗನನ್ನು ಕೂರಿಸಿಕೊಂಡು ಇನ್ನೂ ಮೇಲೆ ಹೋಗಪ್ಪ ಅನ್ನಲು ಅವರಿಗೆ ಸಮಯ ಎಲ್ಲಿ?

ಈ ಸಲ ನಾನು ಭವಿಷ್ಯ, ಕಾಲೇಜು, ಕೆಲಸ ಅಂತ ಒಂದು ಮಾತೂ ಆಡಲಿಲ್ಲ. ಹದಿನಾರರ ಹುಡುಗನಿಗೆ ಇಪ್ಪತ್ತೈದರ ವಯಸ್ಸು ತೋರಿಸಿ ಹೆದರಿಸಿದರೆ ಅವನು ತಲೆ ಆಡಿಸಿ ಫೋನ್ ನೋಡುತ್ತಾನೆ, ಅಷ್ಟೇ. ಬದಲಿಗೆ ಒಂದು ವಾರ ಊಟದ ಹೊತ್ತಿನಲ್ಲಿ ಸುಮ್ಮನೆ ಕಿವಿ ಕೊಟ್ಟೆ. ಯಾವ ಕ್ಲಾಸಿನ ಸುದ್ದಿಯನ್ನು ತಾನಾಗಿ ಎತ್ತುತ್ತಾನೆ? ನಾನು ಗಣಿತ ಅಂದುಕೊಂಡಿದ್ದೆ. ನಮ್ಮವರಂತೂ ಕ್ಯಾಲ್ಕುಲಸ್ ಅಂತ ಮನಸ್ಸಿನಲ್ಲೇ ಬರೆದುಕೊಂಡಿದ್ದರು. ಅವನು ಎತ್ತಿದ್ದು ಇತಿಹಾಸ. ಮೇಷ್ಟ್ರು ಹೇಳಿದ್ದು ಹೇಗೆ ತಪ್ಪು ಅನ್ನುವುದೇ ದಿನಾ ಮಾತು.

ಎಪಿ ಯುಎಸ್ ಹಿಸ್ಟರಿ ಪರೀಕ್ಷೆಯಲ್ಲಿ ಡಿಬಿಕ್ಯೂ ಅಂತ ಒಂದು ಪ್ರಶ್ನೆ ಇರುತ್ತದೆ. ಏಳು ಹಳೆಯ ದಾಖಲೆ ಕೊಡುತ್ತಾರೆ. ಪತ್ರ, ಭಾಷಣ, ಕಾರ್ಟೂನು, ಹೀಗೆ ಏನಾದರೂ. ಅವನ್ನು ಓದಿ, ತೂಗಿ, ನಿಮ್ಮ ವಾದ ಕಟ್ಟಬೇಕು. ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಕಾಲೇಜ್ ಬೋರ್ಡಿನವರೇ ಬಿಟ್ಟಿಯಾಗಿ ಹಾಕಿರುತ್ತಾರೆ. ಒಂದನ್ನು ಪ್ರಿಂಟ್ ತೆಗೆದು ಸೋಫಾ ಮೇಲೆ ಇಟ್ಟೆ. ಓದು ಅನ್ನಲಿಲ್ಲ. ನನಗೆ ಮೂರನೇ ದಾಖಲೆ ಅರ್ಥ ಆಗಲಿಲ್ಲ ಕಣೋ ಅಂದೆ. ಅದು ಸುಳ್ಳೂ ಅಲ್ಲ. ಅರ್ಧ ಗಂಟೆ ನನಗೆ ಪಾಠ ಹೇಳಿದ. ಕೊನೆಗೆ ಅವನೇ ಕೇಳಿದ, "ಆ ಕ್ಲಾಸಲ್ಲಿ ಇದೇನಾ ಮಾಡೋದು?"

ಕಷ್ಟದ ಪಾಠ ಬೇಡ ಅನ್ನುವ ಎಷ್ಟೋ ಮಕ್ಕಳು ಆ ಪಾಠದ ಒಳಗೆ ಏನಿದೆ ಅಂತ ನೋಡಿರುವುದೇ ಇಲ್ಲ. ಅವರಿಗೆ ಗೊತ್ತಿರುವುದು ಅದರ ಹೆಸರು, ಅದರ ಹೋಮ್‌ವರ್ಕಿನ ಕಥೆ, ಅಷ್ಟೇ.

ನಮ್ಮವರ ಒಂದು ಹಟ ಮಾತ್ರ ಸರಿಯಾಗಿತ್ತು. ಗಣಿತವನ್ನು ಆಲ್ಜೀಬ್ರಾ 2ಕ್ಕೇ ನಿಲ್ಲಿಸಬಾರದು ಅಂತ. ಯುಸಿಗೆ ಮೂರು ವರ್ಷದ ಗಣಿತ ಸಾಕು, ಆದರೆ ನಾಲ್ಕು ಇರಲಿ ಅಂತ ಯುಸಿಯವರೇ ಹೇಳುತ್ತಾರೆ. ಅಮೆರಿಕದ ಶಿಕ್ಷಣ ಇಲಾಖೆಯಲ್ಲಿದ್ದ ಕ್ಲಿಫರ್ಡ್ ಅಡೆಲ್‌ಮನ್ ಅನ್ನುವವರು 1980ರಲ್ಲಿ ಹತ್ತನೇ ತರಗತಿಯಲ್ಲಿದ್ದ ಮಕ್ಕಳು ಮೂವತ್ತು ವಯಸ್ಸಿಗೆ ಬರುವ ತನಕದ ದಾಖಲೆಗಳನ್ನು ನೋಡಿ 1999ರಲ್ಲಿ ವರದಿ ಬರೆದರು. ಕಾಲೇಜು ಸೇರಿದವರಲ್ಲಿ ಡಿಗ್ರಿ ಮುಗಿಸಿದ್ದು ಯಾರು ಅಂತ ನೋಡಿದಾಗ, ಹೈಸ್ಕೂಲಿನ ಮಾರ್ಕಿಗಿಂತ ಅಲ್ಲಿ ಓದಿದ ಪಾಠ ಎಷ್ಟು ಗಟ್ಟಿ ಅನ್ನುವುದೇ ಹೆಚ್ಚು ಹೇಳುತ್ತಿತ್ತು. ಆಲ್ಜೀಬ್ರಾ 2 ದಾಟಿ ಒಂದು ಗಣಿತದ ಪಾಠ ಮುಗಿಸಿದವರು ಡಿಗ್ರಿ ಪಡೆಯುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಇದು ಕಿವಿ ಹಿಂಡಿ ಕೂರಿಸಿದರೂ ಹಾಗೇ ಆಗುತ್ತದೆ ಅನ್ನುವ ಮಾತಲ್ಲ. ಆದರೂ ನನಗೆ ಸಾಕಾಯಿತು. ಎಪಿ ಒಂದೇ, ಅದು ಹಿಸ್ಟರಿ. ಗಣಿತದಲ್ಲಿ ಆಲ್ಜೀಬ್ರಾ 2ರ ಮುಂದಿನ ರೆಗ್ಯುಲರ್ ಪ್ರೀಕ್ಯಾಲ್ಕುಲಸ್. ಅಪ್ಪ ಮಗ ಇಬ್ಬರೂ ಅರ್ಧರ್ಧ ಸೋತರು.

ಸಹಿ ಹಾಕುವ ಮುಂಚೆ ಮೂವರೂ ಕೂತು ಒಂದು ಹಾಳೆಯಲ್ಲಿ ಬರೆದೆವು. ರಾತ್ರಿ ಹನ್ನೊಂದಕ್ಕೆ ದೀಪ ಆರಬೇಕು, ಕೆಲಸ ಮುಗಿಯದಿದ್ದರೂ ಸರಿ. ಬಿ ಬಂದರೆ ಯಾರೂ ಮುಖ ಸಣ್ಣ ಮಾಡುವ ಹಾಗಿಲ್ಲ. ಬಿಡಬೇಕು ಅನ್ನಿಸಿದರೆ ಬಿಡಬಹುದು, ಆದರೆ ಟೆಸ್ಟು ಕೆಟ್ಟ ದಿನ ರಾತ್ರಿ ಆ ತೀರ್ಮಾನ ಇಲ್ಲ. ಡ್ರಾಪ್ ಗಡುವನ್ನು ಆ ಹಾಳೆಯಲ್ಲೇ ಕೆಂಪು ಪೆನ್ನಿನಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆವು.

ಫೆಬ್ರವರಿಯಲ್ಲಿ ಒಪ್ಪಿಸುವುದು ಸುಲಭದ ಕೆಲಸ. ನಿಜವಾದ ಕೆಲಸ ಅಕ್ಟೋಬರಿನಲ್ಲಿ ಬಂತು.

ಮೊದಲ ಡಿಬಿಕ್ಯೂಗೆ ಏಳಕ್ಕೆ ಎರಡು. ಕಾಗದ ಮೇಜಿನ ಮೇಲೆ ಎಸೆದ. "ನಾನು ಹೇಳಿದ್ದೆ ತಾನೆ?"

ನನ್ನ ನಾಲಿಗೆ ತುದಿಯಲ್ಲಿ ಎರಡು ಮಾತು ಇದ್ದವು. ಒಂದು, ಹೋಗಲಿ ಬಿಡು, ಡ್ರಾಪ್ ಮಾಡು. ಇನ್ನೊಂದು, ಇನ್ನೂ ಚೆನ್ನಾಗಿ ಓದಬೇಕಿತ್ತು. ಮೊದಲನೆಯದಕ್ಕೆ ಇದು ನಿನ್ನ ಕೈಲಾಗಲ್ಲ ಅಂತ ಅರ್ಥ. ಎರಡನೆಯದಕ್ಕೆ ನೀನು ಸೋಮಾರಿ ಅಂತ ಅರ್ಥ. ಎರಡನ್ನೂ ನುಂಗಿಕೊಂಡು ಊಟ ಬಡಿಸಿದೆ. ಎರಡು ದಿನ ಆ ಮಾತೇ ಎತ್ತಲಿಲ್ಲ. ಇದು ತಾಳ್ಮೆ ಅಂತ ಅಂದುಕೊಳ್ಳಬೇಡಿ, ನನಗೂ ಏನು ಹೇಳಬೇಕು ಅಂತ ಗೊತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಆ ಕಾಗದ, ಜೊತೆಗೆ ಅಂಕ ಹಂಚುವ ರೂಬ್ರಿಕ್ ಎರಡನ್ನೂ ಮುಂದಿಟ್ಟುಕೊಂಡು ಕೂತೆವು. ಏಳು ಅಂಕ ಹೀಗೆ ಹಂಚಿರುತ್ತದೆ. ನಿನ್ನ ವಾದ ಏನು ಅಂತ ಹೇಳುವ ಥೀಸಿಸ್ ಸಾಲಿಗೆ 1. ಆ ಕಾಲದ ಹಿನ್ನೆಲೆಗೆ 1. ಸಾಕ್ಷಿಗೆ 3. ಅದರಲ್ಲಿ ದಾಖಲೆಗಳನ್ನು ಬಳಸಿದ್ದಕ್ಕೆ 2, ದಾಖಲೆಯ ಹೊರಗಿನ ಒಂದು ಸಂಗತಿಗೆ 1. ಉಳಿದ 2 ವಿಶ್ಲೇಷಣೆಗೆ. ಈ ದಾಖಲೆ ಬರೆದವರು ಯಾರು, ಯಾರಿಗೆ, ಯಾಕೆ ಅಂತೆಲ್ಲ ವಿವರಿಸಬೇಕು.

ಅವನಿಗೆ ಹಿನ್ನೆಲೆಯ ಅಂಕ ಬಂದಿತ್ತು, ಸಾಕ್ಷಿಯಲ್ಲಿ ಒಂದು. ಥೀಸಿಸ್ ಅಂಕ ಹೋದದ್ದು ಯಾಕೆ ಅಂದರೆ ಪ್ರಶ್ನೆಯನ್ನೇ ತಿರುಗಿಸಿ ಬರೆದಿದ್ದ. ನಾವು ಶಾಲೆಯಲ್ಲಿ ಬರೆಯುತ್ತಿದ್ದ ಹಾಗೆ! ಹೊರಗಿನ ಸಂಗತಿ ಅವನಿಗೆ ಮೂರು ಗೊತ್ತಿತ್ತು, ಒಂದನ್ನೂ ಬರೆದಿರಲಿಲ್ಲ. ಅದನ್ನು ಕೇಳುತ್ತಾರೆ ಅಂತ ಗೊತ್ತೇ ಇರಲಿಲ್ಲ ಅಂದ. ಅಂದರೆ ಹೋದ ಐದರಲ್ಲಿ ಇತಿಹಾಸ ಗೊತ್ತಿಲ್ಲದೆ ಹೋದ ಅಂಕ ಒಂದೂ ಇಲ್ಲ. ಇದನ್ನು ನಾನು ಹೇಳಲಿಲ್ಲ. ಬೆರಳು ಮಡಚಿ ಎಣಿಸಿ ಅವನೇ ಹೇಳಿದ. ಮುಖ ಸ್ವಲ್ಪ ಸಡಿಲ ಆಯಿತು.

ಮೇಷ್ಟ್ರಿಗೆ ನಾನು ಮೇಲ್ ಬರೆಯಲಾ ಅಂತ ಕೇಳಿ, ತಕ್ಷಣ ಬಾಯಿ ಮುಚ್ಚಿಕೊಂಡೆ. ಮಗಳ ಕಾಲದಲ್ಲಿ ಎಲ್ಲ ಮೇಲ್ ನಾನೇ ಬರೆಯುತ್ತಿದ್ದೆ. ಅವನೇ ಎರಡು ಸಾಲು ಬರೆದ. ಮಂಗಳವಾರ ಊಟದ ಬಿಡುವಿನಲ್ಲಿ ಬಾ ಅಂದರು. ಹದಿನೈದು ನಿಮಿಷ ಕೂರಿಸಿಕೊಂಡು ಥೀಸಿಸ್ ಸಾಲನ್ನು ನಾಲ್ಕು ಸಲ ತಿದ್ದಿಸಿದರಂತೆ. ಆಮೇಲೆ ಹೆಚ್ಚು ಕಡಿಮೆ ಪ್ರತಿ ಮಂಗಳವಾರ ಹೋದ.

ಗಡುವಿನ ದಿನ ಬಂತು. ಏನು ಮಾಡ್ತೀಯ ಅಂತ ಒಂದೇ ಸಲ ಕೇಳಿದೆ. ಇನ್ನೊಂದು ಡಿಬಿಕ್ಯೂ ನೋಡ್ತೀನಿ ಅಂದ. ನವೆಂಬರಿನಲ್ಲಿ ಮೇ ತಿಂಗಳ ಪರೀಕ್ಷೆಗೆ ಹೆಸರು ಕೊಡಬೇಕು. ಶುಲ್ಕ ನೂರು ಡಾಲರಿನ ಹತ್ತಿರ. ಆಮೇಲೆ ಬೇಡ ಅಂದರೆ ದಂಡ ಬೇರೆ. ಆ ಫಾರ್ಮನ್ನು ಅವನೇ ತುಂಬಿದ. ಡಿಸೆಂಬರಿನಲ್ಲಿ ಏಳಕ್ಕೆ ನಾಲ್ಕು. ಸೆಮಿಸ್ಟರ್ ಗ್ರೇಡ್ ಬಿ. ಫ್ರಿಜ್ ಮೇಲಿನ ಹಾಳೆಯ ಪ್ರಕಾರ ಯಾರೂ ಮುಖ ಸಣ್ಣ ಮಾಡಲಿಲ್ಲ. ನಮ್ಮವರದು ಒಂದು ಕ್ಷಣ ಆಗಿತ್ತು, ನಾನು ಹಾಳೆ ತೋರಿಸಿದೆ.

ನಡುವೆ ನಾನೂ ಜಾರಿದೆ. ಜನವರಿಯಲ್ಲಿ ಒಂದು ದಿನ, ನೋಡಿದ್ಯಾ, ಇನ್ನೊಂದು ಎಪಿ ತಗೊಂಡಿದ್ದರೂ ಆಗುತ್ತಿತ್ತು ಅಂದುಬಿಟ್ಟೆ. ಅವನು ಏನೂ ಅನ್ನಲಿಲ್ಲ. ಒಂದು ವಾರ ಹಿಸ್ಟರಿ ಸುದ್ದಿ ಊಟದ ಮೇಜಿಗೆ ಬರಲಿಲ್ಲ.

ಈಸ್ಟ್ ಲಾಸ್ ಏಂಜಲೀಸಿನ ಗಾರ್‌ಫೀಲ್ಡ್ ಹೈಸ್ಕೂಲಿನ ಗಣಿತದ ಮೇಷ್ಟ್ರು ಹೈಮೆ ಎಸ್ಕಲಾಂಟೆ ಅವರ ಕಥೆ ಇಲ್ಲಿ ಬಹಳ ಜನಕ್ಕೆ ಗೊತ್ತು. 1982ರಲ್ಲಿ ಅವರ 18 ಮಕ್ಕಳು ಎಪಿ ಕ್ಯಾಲ್ಕುಲಸ್ ಪಾಸಾದರು. ಉತ್ತರಗಳಲ್ಲಿ ಒಂದೇ ಥರದ ತಪ್ಪು ಕಂಡು, ನಕಲು ಮಾಡಿದ್ದಾರೆ ಅಂತ ಪರೀಕ್ಷೆಯವರು ಅನುಮಾನಪಟ್ಟರು. ಮತ್ತೆ ಪರೀಕ್ಷೆ ಬರೆದ 12 ಮಕ್ಕಳೂ ಮತ್ತೆ ಪಾಸಾದರು. ನಾನೂ ಇದನ್ನು ಮಗಳಿಗೆ ಸ್ಫೂರ್ತಿ ಅಂತ ಹೇಳುತ್ತಿದ್ದೆ. ಅವರು ಆ ಶಾಲೆಗೆ ಸೇರಿದ್ದು 1974ರಲ್ಲಿ ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ನಡುವೆ ಎಂಟು ವರ್ಷ.

2025ರ ಫೆಬ್ರವರಿಯಲ್ಲಿ ಮತ್ತೆ ಫಾರ್ಮ್ ಬಂತು. ಈ ಸಲ ನನಗೆ ತೋರಿಸಿದ್ದು ತುಂಬಿ ಆದ ಮೇಲೆ. ಎಪಿ ಗವರ್ನಮೆಂಟ್, ಎಪಿ ಸ್ಟಾಟಿಸ್ಟಿಕ್ಸ್. ಸ್ಟಾಟಿಸ್ಟಿಕ್ಸ್ ಯಾಕೋ ಅಂದೆ. ಚುನಾವಣೆಯ ಸಮೀಕ್ಷೆಗಳಲ್ಲಿ ಯಾರು ಸುಳ್ಳು ಹೇಳ್ತಾರೆ ಅಂತ ಗೊತ್ತಾಗಬೇಕು ಅಂದ. ಮೇ ಪರೀಕ್ಷೆಗೆ ಇನ್ನೂ ಮೂರು ತಿಂಗಳು ಇತ್ತು. ಜುಲೈನಲ್ಲಿ 4 ಬಂತು, ಎಲ್ಲರಿಗೂ ಖುಷಿ ಆಯಿತು. ಆದರೆ ನನಗೆ ಸಮಾಧಾನ ಆದದ್ದು ಫೆಬ್ರವರಿಯಲ್ಲೇ.

ಇದನ್ನೆಲ್ಲ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವಳು ಕೇಳಿಸಿಕೊಂಡು, ಸ್ವಲ್ಪ ತಡೆದು, "ನನಗೆ ಯಾಕಮ್ಮ ಹೀಗೆ ಮಾಡಲಿಲ್ಲ?" ಅಂದಳು. ಜಗಳದ ದನಿ ಅಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮಿಸು ಪುಟ್ಟಿ ಅಂದೆ.

ಮಗನ ಫಾರ್ಮಿನಲ್ಲಿ ಇನ್ನೊಂದು ಕ್ಲಾಸು ಇತ್ತು, ಸೆರಾಮಿಕ್ಸ್. ಮಡಕೆ ಮಾಡುವುದು. ಕೊನೇ ವರ್ಷ ಇದೆಲ್ಲ ಬೇಕಾ ಅಂತ ನಮ್ಮವರು ಶುರು ಮಾಡಿದರು. ಯುಸಿಗೆ ಬೇಕಾದ 15 ಪಾಠಗಳಲ್ಲಿ ಒಂದು ವರ್ಷದ ಕಲೆಯೂ ಕಡ್ಡಾಯ, ಅದನ್ನು ನಾನು ಇನ್ನೂ ತಗೊಂಡೇ ಇಲ್ಲ ಅಂತ ಅವನೇ ಅಪ್ಪನಿಗೆ ನಿಯಮ ತೋರಿಸಿದ. ಮೊದಲ ಮಡಕೆ ಗೂಡಿನಲ್ಲೇ ಒಡೆಯಿತು. ಎರಡನೆಯದು ಸ್ವಲ್ಪ ಎಡಕ್ಕೆ ವಾಲಿದೆ. ನಮ್ಮವರ ಮೇಜಿನ ಮೇಲೆ ಪೆನ್ನು ತುಂಬಿಕೊಂಡು ನಿಂತಿದೆ.